ಆ ಸಂಜೆ ರೊಟ್ಟಿ ಬಡಿದವರು ಯಾರು?

ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಬಾಯಿ ತೆರೆದರೆ ನಾನು ಕಥೆ ಕೇಳುವುದಿಲ್ಲ, ಹೇಳುವವರ ಮುಖ ನೋಡುತ್ತೇನೆ. ಇವರಿಗೆ ಇದರಿಂದ ಏನು ಲಾಭ ಎಂಬುದೇ ನನ್ನ ಮೊದಲ ಪ್ರಶ್ನೆ. ಹಾಲಿನವನು ಹಾಲು ಅಳೆಯುವಾಗಲೂ ನನ್ನ ಕಣ್ಣು ಹಾಲಿನ ಮೇಲಿರುವುದಿಲ್ಲ, ಮಾಪಿನೊಳಗೆ ಅದ್ದಿದ ಅವನ ಹೆಬ್ಬೆರಳಿನ ಮೇಲಿರುತ್ತದೆ. "ನೀ ಪೊಲೀಸ್ ಖಾತೆದಾಗ ಇರಬೇಕಿತ್ತು, ಹಾದಿ ತಪ್ಪಿ ಸಾಲಿಗಿ ಬಂದಿ" ಎಂದು ನನ್ನ ಯಜಮಾನರು ಚೇಷ್ಟೆ ಮಾಡುತ್ತಾರೆ. ಮಾಡಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈ ಬುದ್ಧಿ ನನಗೆ ಎಲ್ಲಿಂದ ಬಂತೆಂಬುದು ಗೊತ್ತಿದೆ. ನಾನು ಇನ್ನೂ ಸಣ್ಣವಳಿದ್ದಾಗ ಅಪ್ಪ ತೀರಿಕೊಂಡ. ಬೀದರಿನ ಒಂದು ಬಟ್ಟೆ ಅಂಗಡಿಯಲ್ಲಿ ಅವನ ಕೆಲಸ, ಹಳೇ ಊರಿನ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. "ಅಪ್ಪ ಹೈದರಾಬಾದಿಗಿ ಹೋಗ್ಯಾನ, ಬರ್ತಾನ" ಎಂದು ನನಗೆ ಹೇಳಿದರು. ಓಣಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಸಂಜೆಯಾದರೆ ಅಂಗಳದಲ್ಲಿ ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸಪ್ಪಳ ಕೇಳುತ್ತಿತ್ತು, ನಾನು ಓಡಿಹೋಗುತ್ತಿದ್ದೆ. ಒಂದು ದಿನ ಅದನ್ನು ಅವ್ವನಿಗೆ ಹೇಳಿದೆ. ಅವ್ವ ರೇಡಿಯೋದ ಮುಂದೆ ಕೂತಿದ್ದಳು, ರೈತರ ಕಾರ್ಯಕ್ರಮ ಗಟ್ಟಿಯಾಗಿ ಬರುತ್ತಿತ್ತು. ಎದ್ದು ಕಪಾಳಕ್ಕೆ ಒಂದು ಬಿಟ್ಟಳು. ಅವ್ವ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಅಲ್ಲಿಂದ ಮುಂದೆ ನನಗೆ ಸೈಕಲ್ ಕೇಳಿಸಲಿಲ್ಲ. ಜನರ ಮಾತಿನ ಮೇಲಿನ ವಿಶ್ವಾಸವೂ ಹೋಯಿತು, ನನ್ನ ಕಿವಿಯ ಮೇಲಿನ ವಿಶ್ವಾಸವೂ ಹೋಯಿತು.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಭಾಲ್ಕಿ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ಒಂಬತ್ತನೇ ತರಗತಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ, ಸಾಯಗಾಂವದವಳು. ಮಳೆಗಾಲದಲ್ಲಿ ಅವಳ ತಾಯಿ ಮಹಾನಂದಾ ಜ್ವರ ಬಂದು ಬೀದರಿನ ದವಾಖಾನೆಯಲ್ಲಿ ತೀರಿಕೊಂಡಿದ್ದಳು. ದೀಪಾವಳಿ ಕಳೆದರೂ ಹುಡುಗಿ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಬಿಸಿಯೂಟದಲ್ಲಿ ಎರಡು ತುತ್ತು ಅನ್ನ ತಿಂದು ಎದ್ದುಬಿಡುತ್ತಿದ್ದಳು, ಕ್ಲಾಸಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಸೊರಗಿ ಸೊರಗಿ ಸಮವಸ್ತ್ರ ಅವಳ ಮೇಲೆ ಜೋತುಬಿದ್ದಿತ್ತು.

ಅದೇ ದಿನಗಳಲ್ಲಿ ನಮ್ಮನ್ನು ಬೀದರಿಗೆ ಒಂದು ತರಬೇತಿಗೆ ಕಳಿಸಿದ್ದರು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳ ಜೊತೆ ಶಿಕ್ಷಕರು ಹೇಗೆ ನಡೆದುಕೊಳ್ಳಬೇಕು ಎಂಬುದು ವಿಷಯ. ಮಗುವಿಗೆ ನಿಜ ಹೇಳಿ, ಅಳುವುದಕ್ಕೆ ಬಿಡಿ, ಸತ್ತವರ ಹೆಸರನ್ನು ಮನೆಯಲ್ಲಿ ಮುಚ್ಚಿಡಬೇಡಿ, ಅವರ ನೆನಪಿನ ವಸ್ತುಗಳನ್ನು ಕಸಿಯಬೇಡಿ ಎಂದು ಹೇಳಿದರು. ಫ್ಯಾನಿನ ಕೆಳಗೆ ಕೂತು ಹೇಳುವುದು ಸುಲಭ ಎಂದುಕೊಂಡು, ಕೊಟ್ಟ ಚಹಾ ಬಿಸ್ಕೀಟು ಮುಗಿಸಿ ಬಂದಿದ್ದೆ. ಆದರೂ ಆ ಮಾತುಗಳು ತಲೆಯಲ್ಲಿ ಉಳಿದಿದ್ದವು. ಒಂದು ಮಧ್ಯಾಹ್ನ ಭಾಗ್ಯಶ್ರೀಯನ್ನು ಪ್ರಯೋಗಾಲಯದ ಕೋಣೆಗೆ ಕರೆದು, ಸುತ್ತುಬಳಸದೆ ಕೇಳಿದೆ, ಅವ್ವನ ನೆನಪು ಯಾವಾಗ ಜಾಸ್ತಿ ಬರ್ತದ ಅಂತ.

"ನೆನಪಲ್ರಿ ಮೇಡಂ" ಎಂದಳು. "ಅವ್ವ ದಿನಾ ಸಂಜಿಗಿ ರೊಟ್ಟಿ ಬಡಿಲತ್ತಾಳ್ರಿ. ಆವಾಜ್ ಬರ್ತದ. ನಾ ಅಡಗಿ ಮನಿಗಿ ಹೋದ್ರ ಯಾರೂ ಇರಂಗಿಲ್ರಿ."

ಅವಳ ಮುಖವನ್ನು ನನ್ನ ರೂಢಿಯಂತೆ ನೋಡಿದೆ. ಸುಳ್ಳು ಹೇಳುವ ಮಕ್ಕಳು ಹೇಳಿ ಮುಗಿಸಿದ ಮೇಲೆ ನಮ್ಮ ಮುಖ ನೋಡುತ್ತಾರೆ, ನಂಬಿದರೋ ಇಲ್ಲವೋ ಎಂದು. ಇವಳು ಕಿಟಕಿಯಾಚೆ ನೋಡುತ್ತಿದ್ದಳು, ನಾನು ನಂಬಿದರೆಷ್ಟು ಬಿಟ್ಟರೆಷ್ಟು ಎಂಬಂತೆ. ಆದರೂ ನಾನು ಪೂರ್ತಿ ನಂಬಲಿಲ್ಲ. ಮನೆಯವರ ಗಮನ ಸೆಳೆಯಲು ಮಕ್ಕಳು ಏನೇನೋ ಹೇಳುತ್ತಾರೆ.

ಮರುವಾರ ಅವಳ ಅಪ್ಪ ವೈಜಿನಾಥ ಶಾಲೆಗೆ ಬಂದ. ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರ ಅವನದೊಂದು ಟೇಲರ್ ಅಂಗಡಿ. ಮಗಳನ್ನು ಕೆಲವು ದಿನ ಬಿಡಿಸಿಕೊಂಡು ಹೋಗುತ್ತೇನೆ ಎಂದ.

"ಪೋರಿಗಿ ಗಾಳಿ ಹೊಡದದ್ರಿ ಮೇಡಂ. ಗಡಿ ಆಚಿ ಒಬ್ಬಾಕಿ ಅದಾಳ, ಬಿಡಸ್ತಾಳ. ಆರಾಮ್ ಆಗೋ ತನಕ ಅಲ್ಲೇ ಇಟ್ಟು ಬರಬೇಕಂತ್ರಿ."

"ಮತ್ತ ಸಾಲಿ?"

"ಸಾಲಿ ಎಲ್ಲಿ ಓಡಿ ಹೋಗ್ತದ್ರಿ?"

ಸಾಲಿ ಎಲ್ಲಿಗೂ ಓಡಿಹೋಗುವುದಿಲ್ಲ, ನಿಜ. ಓಡಿಹೋಗುವುದು ಹುಡುಗಿಯರ ವಯಸ್ಸು. ಹೀಗೆ ಒಂಬತ್ತನೇ ತರಗತಿಯ ಮಧ್ಯದಲ್ಲಿ ಬಿಟ್ಟುಹೋದ ಹುಡುಗಿ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ, ಅವಳ ಲಗ್ನಪತ್ರಿಕೆ ಬಂದದ್ದನ್ನು ಕಂಡಿದ್ದೇನೆ. ಅದೂ ಹೋಗಲಿ, ಗಾಳಿ ಬಿಡಿಸುವ ಹೆಸರಿನಲ್ಲಿ ಹೊಗೆ ಹಾಕಿ ಹೊಡೆಯುವ ಜಾಗಗಳ ಬಗ್ಗೆ ಕೇಳಿದ್ದೆ. ತಾಯಿ ಸತ್ತ ಮಗುವಿಗೆ ಅದೊಂದು ಬಾಕಿ ಇತ್ತೇ ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಪಂಥ ಕಟ್ಟಿದೆ.

"ಒಂದ್ ಸಂಜಿ ನಂಗ ಕೊಡ್ರಿ. ನಿಮ್ಮ ಮನಿಗಿ ಬರ್ತೇನಿ. ಆವಾಜ್ ಎಲ್ಲಿಂದ ಬರ್ತದಂತ ತೋರಿಸ್ತೇನಿ. ತೋರಿಸ್ಲಿಕ್ಕಾಗಲಿಲ್ಲಂದ್ರ ನಿಮ್ಮ ಮರ್ಜಿ."

ಅವನು ಒಲ್ಲದ ಮನಸ್ಸಿನಿಂದ ಹೂಂ ಎಂದ. ಆಡಿದ ಮೇಲೆ ನನಗೆ ಅರಿವಾಯಿತು: ಒಂದು ಹುಡುಗಿಯ ಓದನ್ನು ಬಾಯಿಮಾತಿನ ಪಂಥಕ್ಕೆ ಇಟ್ಟುಬಿಟ್ಟಿದ್ದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿಯ ಜೊತೆಗೇ ಸಾಯಗಾಂವಕ್ಕೆ ಹೋದೆ. ಕಲ್ಲಿನ ಗೋಡೆಯ ಹಳೇ ಮನೆ, ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಎರಡಕ್ಕೂ ನಡುವೆ ಒಂದೇ ಬಾಗಿಲು, ಅಡಿಗೆಮನೆಗೆ ಹಿತ್ತಲ ಬಾಗಿಲಿರಲಿಲ್ಲ. ಮನೆಯಲ್ಲಿ ಇದ್ದವರು ಮೂವರೇ: ವೈಜಿನಾಥ, ಅವನ ತಾಯಿ, ಭಾಗ್ಯಶ್ರೀ. ಅಜ್ಜಿಯನ್ನು ನಮ್ಮ ಕಡೆ ಆಯಿ ಎನ್ನುತ್ತೇವೆ, ನಾನೂ ಹಾಗೇ ಕರೆದೆ. ಚಹಾ ಕುಡಿಯುವ ಮೊದಲೇ ತಪಾಸಣೆ ಶುರುಮಾಡಿದೆ. ಬಲಗಡೆಯ ಮನೆಯವರು ಹೈದರಾಬಾದಿಗೆ ದುಡಿಯಲು ಹೋಗಿದ್ದರು, ಬೀಗಕ್ಕೆ ತುಕ್ಕು ಹಿಡಿದಿತ್ತು. ಎಡಗಡೆ ಖಾಲಿ ಜಾಗ, ಬೇವಿನ ಗಿಡ. ಅಡಿಗೆಮನೆಗೆ ಇದ್ದ ಒಂದು ಕಿಟಕಿಗೆ ತಂತಿಯ ಜಾಳಿಗೆ ಹೊಡೆದಿತ್ತು. ಡಬ್ಬಿಗಳ ಮುಚ್ಚಳ ತೆಗೆದು ನೋಡಿದೆ, ಗೋಧಿ ಹಿಟ್ಟಿತ್ತು, ಜೋಳದ ಹಿಟ್ಟಿನ ಡಬ್ಬಿ ಬರಿದಾಗಿತ್ತು. ಮೊಬೈಲಿನಲ್ಲಿ ಏನಾದರೂ ಹಚ್ಚಿಡುತ್ತಾರೇನೋ ಎಂಬ ಅನುಮಾನಕ್ಕೆ ವೈಜಿನಾಥನ ಫೋನು ಇಸಿದುಕೊಂಡು ನನ್ನ ಪರ್ಸಿಗೆ ಹಾಕಿಕೊಂಡೆ. ಆ ಮನೆಯಲ್ಲಿ ಬೇರೆ ಫೋನಿರಲಿಲ್ಲ. ಅವನ ಮುಖ ಗಂಟಿಕ್ಕಿತು, ನಾನು ಲೆಕ್ಕಿಸಲಿಲ್ಲ.

ಮಹಾನಂದಾ ರೊಟ್ಟಿ ಬಡಿಯುತ್ತಿದ್ದದ್ದು ಎಲ್ಲಿ ಎಂದು ಕೇಳಿದೆ. ಆಯಿ ಹೇಳಿದಳು, "ಪರಾತದಾಗ ಬಡಿತಿದ್ಲವ್ವ. ಈಗ ಪರಾತ ಎಲ್ಲಿ ಅದ? ಅಕಿ ಸೀರಿ, ಪರಾತ ಎಲ್ಲಾ ಅಕಿ ತವರಿಗಿ ಕಳಿಸಿಬಿಟ್ಟೇವಿ. ಪೋರಿ ಕಣ್ಣಿಗಿ ಬಿದ್ರ ನೆನಪಾಗ್ತದಂತ." ಪರಾತ ಎಂದರೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಅಗಲವಾದ ತಾಟು. ತವರು ಔರಾದ ಹತ್ತಿರದ ಹಳ್ಳಿ. ಆಯಿಯ ಬಲಗೈ ಮಣಿಕಟ್ಟು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿತ್ತು, ಅವಳಿಗೆ ಚಪಾತಿ ಲಟ್ಟಿಸುವುದೇ ಕಷ್ಟ. ರೊಟ್ಟಿ ಬೇಕೆನಿಸಿದರೆ ವೈಜಿನಾಥ ಭಾಲ್ಕಿಯ ಖಾನಾವಳಿಯಿಂದ ತರುತ್ತಿದ್ದ. ಸೊಸೆ ಹೋದ ಮೇಲೆ ಆ ಮನೆಯಲ್ಲಿ ರೊಟ್ಟಿ ಬಡಿದೇ ಇರಲಿಲ್ಲ.

ತಾಯಿ ಸತ್ತ ದಿನ ಹುಡುಗಿಯನ್ನು ಕಮಠಾಣದ ಸೋದರತ್ತೆಯ ಮನೆಗೆ ಸಾಗಿಸಿದ್ದರಂತೆ. ಅವ್ವ ಇನ್ನೂ ದವಾಖಾನೆಯಲ್ಲಿದ್ದಾಳೆ ಎಂದು ಹೇಳಿದ್ದರಂತೆ. ಕರೆತರುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಸಣ್ಣ ಕೂಸು ನೋಡಬಾರದಲ್ರಿ" ಎಂದ ವೈಜಿನಾಥ. ನನಗೆ ನನ್ನ ಹೈದರಾಬಾದು ನೆನಪಾಯಿತು.

ಅನುಮಾನ ಮಾತ್ರ ಬೆಳೆಯುತ್ತಲೇ ಇತ್ತು. ಆಯಿ ಮಾತಿನ ನಡುವೆ, ತನ್ನ ತಮ್ಮನ ಮಗಳು ಗಂಡನನ್ನು ಬಿಟ್ಟು ಬಂದಿದ್ದಾಳೆ, ಬಹಳ ಒಳ್ಳೆಯ ಹೆಣ್ಣು ಎಂದು ಸುಮ್ಮಸುಮ್ಮನೆ ಹೇಳಿದಳು. ಓಹೋ ಎಂದುಕೊಂಡೆ. ಮಗನಿಗೆ ಮತ್ತೊಂದು ಮದುವೆ ಮಾಡಬೇಕಾದರೆ ವಯಸ್ಸಿಗೆ ಬಂದ ಮೊಮ್ಮಗಳು ಮನೆಯಲ್ಲಿ ಇಲ್ಲದಿರುವುದೇ ಅನುಕೂಲ. ಗೋಡೆಯಾಚೆ ನಿಂತು ಸಪ್ಪಳ ಮಾಡಲು ಯಾರನ್ನಾದರೂ ಇಟ್ಟಿರಬಹುದು. ಹೊರಗೆ ಹೋಗಿ ಮನೆಯ ಸುತ್ತ ಒಂದು ಸುತ್ತು ಬಂದೆ. ಒಂದು ನಾಯಿ ಮಲಗಿತ್ತು, ಅಷ್ಟೇ.

ಹೊತ್ತು ಮುಳುಗುವ ವೇಳೆಗೆ ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಎಲ್ಲರೂ ನನ್ನ ಕಣ್ಣ ಮುಂದೆಯೇ ಇರಬೇಕೆಂದು ನಾನೇ ಕೂರಿಸಿದ್ದೆ. ಭಾಗ್ಯಶ್ರೀಯ ಎರಡೂ ಕೈ ನನ್ನ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವಳಿಗೆ ಧೈರ್ಯವಾಗಲಿ ಎಂದು ಹಿಡಿದದ್ದು ಅರ್ಧ ನಿಜ, ಅವಳೇ ಏನಾದರೂ ಮಾಡಿದರೆ ತಿಳಿಯಲಿ ಎಂಬುದು ಇನ್ನರ್ಧ.

ವೈಜಿನಾಥ ಎದ್ದು ಟಿವಿ ಹಚ್ಚಿದ. ಯಾವುದೋ ಧಾರಾವಾಹಿ. ಕೂತವನು ಮತ್ತೆ ರಿಮೋಟು ಒತ್ತಿ ಆವಾಜು ಹೆಚ್ಚಿಸಿದ, ಇನ್ನೂ ಹೆಚ್ಚಿಸಿದ. ಮಾತಾಡಿದರೆ ಕೇಳಿಸದಷ್ಟು ಗದ್ದಲ. ವಿಚಿತ್ರವೆಂದರೆ ಆ ಮನೆಯಲ್ಲಿ ಒಬ್ಬರೂ ಟಿವಿ ನೋಡುತ್ತಿರಲಿಲ್ಲ. ಅವನು ನೆಲ ನೋಡುತ್ತಿದ್ದ, ಆಯಿ ಬಾಗಿಲು ನೋಡುತ್ತಿದ್ದಳು. ಸಿಕ್ಕಿಬಿದ್ದ ಎಂದುಕೊಂಡೆ, ಈ ಗದ್ದಲದ ಮರೆಯಲ್ಲೇ ಏನೋ ನಡೆಯುತ್ತದೆ.

"ಟಿವಿ ಬಂದ್ ಮಾಡ್ರಿ."

"ಇರ್ಲಿ ಬಿಡ್ರಿ ಮೇಡಂ, ಬ್ಯಾಸರಿಕಿ ಕಳೀತದ."

ನಾನೇ ಎದ್ದು ಗೋಡೆಯ ಸ್ವಿಚ್ಚು ಆರಿಸಿದೆ. ಬಂದು ಮತ್ತೆ ಹುಡುಗಿಯ ಕೈ ಹಿಡಿದು ಕೂತೆ. ಹೊರಗೆ ಯಾರೋ ಎಮ್ಮೆಗೆ ಬಯ್ಯುತ್ತಾ ಹೋದರು. ಅದರ ನಂತರ ಸುಮ್ಮನಾಯಿತು.

ಆಮೇಲೆ ನಾನು ಅದನ್ನು ಕೇಳಿದೆ.

ಅಡಿಗೆಮನೆಯೊಳಗಿಂದ, ಹಿಟ್ಟಿನ ಮೇಲೆ ಅಂಗೈ ಬೀಳುವ ಸಪ್ಪಳ. ನಾನು ಲಂಗ ಉಡುವ ವಯಸ್ಸಿನಿಂದ ರೊಟ್ಟಿ ಬಡಿಯುತ್ತಾ ಬಂದವಳು. ಇಲಿ ಓಡಾಡಿದ್ದಕ್ಕೂ, ಬಟ್ಟೆ ಒಗೆದದ್ದಕ್ಕೂ, ರೊಟ್ಟಿ ಬಡಿದದ್ದಕ್ಕೂ ನನಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ನಿಧಾನಕ್ಕೆ ದಪ್, ದಪ್ ಎಂದು, ರೊಟ್ಟಿ ಹರಡುತ್ತಾ ಹೋದಂತೆ ಬೇಗ ಬೇಗ. ನಡುನಡುವೆ ಒಂದು 'ಟಕ್', ತಾಟಿನ ತಳ ನೆಲಕ್ಕೆ ಸಮವಾಗಿ ಕೂರದೆ ಹೊಯ್ದಾಡಿದಾಗ ಬರುತ್ತದಲ್ಲ, ಹಾಗೆ. ಒಂದು ರೊಟ್ಟಿ ಮುಗಿಯಿತು, ಬಿಡುವು, ಇನ್ನೊಂದು. ಹೀಗೆ ಕೆಲವು. ಕಡೆಯದು ಮಾತ್ರ ಬೇರೆ ಥರ ಇತ್ತು. ಬೆರಳ ತುದಿಯಿಂದ ಹಗುರಾಗಿ, ಗಡಿಬಿಡಿಯಲ್ಲಿ, ಇಷ್ಟೇ ಇಷ್ಟು. ಆಮೇಲೆ ನಿಂತುಹೋಯಿತು.

ಹುಡುಗಿಯ ಕೈಗಳು ನನ್ನ ಕೈಯಲ್ಲೇ ಇದ್ದವು, ತಣ್ಣಗಿದ್ದವು. ನಾನು ಬಿಡಿಸಿಕೊಂಡು ಅಡಿಗೆಮನೆಗೆ ಓಡಿದೆ. ದೀಪ ಹಾಕಿದೆ. ಯಾರೂ ಇಲ್ಲ. ಗ್ಯಾಸಿನ ಒಲೆ ಮುಟ್ಟಿ ನೋಡಿದೆ, ತಣ್ಣಗಿತ್ತು. ನೆಲದ ಮೇಲೆ ಹಿಟ್ಟಿನ ಒಂದು ಕಣವಿಲ್ಲ. ಕಿಟಕಿಯ ಜಾಳಿಗೆ ಜಗ್ಗಿದೆ, ಗಟ್ಟಿಯಾಗಿತ್ತು. ಜೋಳದ ರೊಟ್ಟಿ ಬೆಂದ ವಾಸನೆಯೇನೂ ಇರಲಿಲ್ಲ. ಅದೊಂದು ಇದ್ದಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಭಾಲ್ಕಿಗೆ ಓಡಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ತಿರುಗಿ ಬಂದಾಗ ವೈಜಿನಾಥ ಎದ್ದು ನಿಂತಿದ್ದ. "ಏನರೆ ಕೇಳಸ್ತೇನ್ರಿ ಮೇಡಂ?" ಎಂದ.

ಭಾಗ್ಯಶ್ರೀ ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ದಿನ ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ ಈಗ ನನ್ನನ್ನು ನೋಡುತ್ತಿದ್ದಳು. ಕೇಳಿಸಿತು ಎಂದರೆ ನಾನು ಪಂಥ ಸೋತಂತೆ, ನಾಳೆಯೇ ಅವಳನ್ನು ಗಡಿಯಾಚೆ ಒಯ್ಯುತ್ತಾರೆ. ಇಲ್ಲ ಎಂದರೆ ಪಂಥ ಗೆಲ್ಲಬಹುದು, ಆದರೆ ಈ ಮಗು ತನಗೆ ಬುದ್ಧಿ ಕೆಟ್ಟಿದೆ ಎಂದು ಅಂದಿನಿಂದ ನಂಬಿಬಿಡುತ್ತದೆ. ಇಲ್ಲ ಎಂಬ ಮಾತು ತುಟಿಯ ತನಕ ಬಂದಿತ್ತು. ಅಷ್ಟರಲ್ಲಿ ಆಯಿಯ ಮೇಲೆ ಕಣ್ಣು ಬಿತ್ತು. ಪಕ್ಕದಲ್ಲಿ ಮಗುಚಿ ಇಟ್ಟಿದ್ದ ರೊಟ್ಟಿ ಬುಟ್ಟಿಯನ್ನು ಅವಳು ಯಾವಾಗಲೋ ಮೇಲ್ಮುಖ ಮಾಡಿ, ಸೊಟ್ಟ ಕೈಯಿಂದ ತನ್ನ ಹತ್ತಿರ ಎಳೆದುಕೊಂಡಿದ್ದಳು. ಬಡಿದು ಮುಗಿಯಿತು, ಇನ್ನು ರೊಟ್ಟಿ ಬರುತ್ತವೆ ಎನ್ನುವಂತೆ.

ನಾನು ವೈಜಿನಾಥನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ತಿರುಗಿ ಕೇಳಿದೆ, "ನೀವು ಟಿವಿ ಯಾಕ ಅಷ್ಟ ಜೋರ್ ಹಚ್ತೀರಿ?"

ಅವನು ಕೈಯಲ್ಲಿದ್ದ ರಿಮೋಟು ಕೆಳಗಿಟ್ಟ.

"ನಂಗ ಕೇಳಸ್ತು. ನಿಮಗ ದಿನಾ ಕೇಳಸ್ತದ, ಅಲ್ಲೇನ್ರಿ?"

ಅವನು ನಿಂತಲ್ಲೇ ಕುಸಿದು ಕೂತ. ದೊಡ್ಡ ಗಂಡಸು, ಮುಖಕ್ಕೆ ಟವೆಲು ಒತ್ತಿಕೊಂಡು ಅತ್ತ. "ಕೇಳಸ್ತದ್ರಿ. ಅಕಿ ಹ್ವಾದಾಗಿಂದ ಕೇಳಸ್ತದ. ನಾ ಹೂಂ ಅಂದ್ರ ಪೋರಿ ಇನ್ನಾ ಅಂಜ್ತಾಳಂತ ಸುಮ್ಮಿದ್ದೆ."

"ನಂಗೂ ಕೇಳಸ್ತದೋ ವೈಜೂ" ಎಂದಳು ಆಯಿ. "ನೀ ಅಳ್ತಿ ಅಂತ ನಾ ಹೇಳ್ಲಿಲ್ಲ."

ಭಾಗ್ಯಶ್ರೀ ಒಮ್ಮೆ ಅಪ್ಪನನ್ನು ನೋಡಿದಳು, ಒಮ್ಮೆ ಆಯಿಯನ್ನು. ಅಳುತ್ತಾಳೆ ಎಂದುಕೊಂಡೆ. ಇಲ್ಲ, ಅವಳಿಗೆ ಸಿಟ್ಟು ಬಂದಿತ್ತು.

"ಮತ್ತ ನಂಗಷ್ಟೇ ಗಾಳಿ ಹೊಡದದಂತ ಯಾಕಂದ್ರಿ?"

ಇಷ್ಟು ಕೇಳಿದ ಮೇಲೆಯೇ ಅವಳು ಅತ್ತದ್ದು. ಮಳೆಗಾಲದಿಂದ ಕೂಡಿಟ್ಟ ಅಳು ಅದು, ಓಣಿಯವರು ಬಾಗಿಲಿಗೆ ಬಂದು ಇಣುಕಿದರು. ಅಪ್ಪನ ಎದೆಗೆ ಗುದ್ದುತ್ತಾ ಅತ್ತಳು, ಕಮಠಾಣಕ್ಕೆ ಯಾಕೆ ಕಳಿಸಿದಿ ಎಂದು ಕೇಳುತ್ತಾ ಅತ್ತಳು. ನಾನೂ ಅತ್ತೆ.

ಎಲ್ಲರೂ ತಣ್ಣಗಾದ ಮೇಲೆ ನನ್ನ ಪೊಲೀಸ್ ಬುದ್ಧಿ ಮತ್ತೆ ತಲೆ ಎತ್ತಿತು. ನಾನು ಕೇಳಿದ್ದೇನೆಂದು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹುಡುಗಿಯನ್ನು ಕೇಳಿದೆ, ಕಡೀ ರೊಟ್ಟಿ ಹ್ಯಾಂಗಿತ್ತು ಅಂತ.

"ಸಣ್ಣದ್ರಿ" ಎಂದಳು ಮೂಗು ಒರೆಸಿಕೊಳ್ಳುತ್ತಾ. "ಉಳಿದ ಹಿಟ್ಟಿಂದು ಸಣ್ಣ ರೊಟ್ಟಿ ಬಡಿತಿದ್ಲು. ಅದು ನಂದು."

ಆ ಹೊತ್ತಿಗೆ ಆ ಮನೆಯಲ್ಲಿ ಮಹಾನಂದಾಳ ಹೆಸರು ಬಾಯಿಗೆ ಬಂತು, ಬಂದದ್ದು ನಿಲ್ಲಲಿಲ್ಲ. ಅವಳು ರೊಟ್ಟಿ ಬಡಿಯುವಾಗ ಬಯ್ಯುತ್ತಿದ್ದ ಬೈಗುಳವನ್ನು ಹೇಳಿ ಆಯಿ ನಕ್ಕಳು. ಗಡಿಯಾಚೆಯ ಆ ಹೆಂಗಸಿನ ಸುದ್ದಿಯನ್ನು ವೈಜಿನಾಥ ಮತ್ತೆ ಎತ್ತಲಿಲ್ಲ. ಒಯ್ಯುವುದಾದರೆ ಮೂವರೂ ಹೋಗಬೇಕಿತ್ತಲ್ಲ!

ಮಾರನೆಯ ದಿನ ಹುಡುಗಿಯನ್ನು ಕರೆದುಕೊಂಡು ವೈಜಿನಾಥ ಔರಾದ ಬಸ್ಸು ಹತ್ತಿದ, ಪರಾತ ತರಲು. ನಾನೂ ಹೋದೆ. ನನಗೆ ಬೇರೆ ಕಾರಣವಿತ್ತು. ಮಹಾನಂದಾಳ ಅಣ್ಣ ಅಟ್ಟ ಹತ್ತಿ, ಗೋಣಿಚೀಲದಲ್ಲಿ ಸುತ್ತಿದ್ದ ಪರಾತ ಇಳಿಸಿದ. ಚೀಲದ ಮೇಲೆ ಜೇಡರ ಬಲೆ ಕಟ್ಟಿತ್ತು. ನಡುವೆ ಯಾರಾದರೂ ಇದನ್ನು ತೆಗೆದಿದ್ದರೇ ಎಂದು ನಾನು ಮತ್ತೆ ಮತ್ತೆ ಕೇಳಿದ್ದಕ್ಕೆ ಅವನ ಹೆಂಡತಿ, "ನಾವೇನು ಕಳ್ಳರಂಗ ಕಾಣ್ತೇವೇನ್ರಿ?" ಎಂದು ಸಿಡುಕಿದಳು. ಪರಾತವನ್ನು ನೆಲದ ಮೇಲಿಟ್ಟು ಅಂಗೈಯಿಂದ ಒತ್ತಿದೆ. ತಳದ ಒಂದು ಕಡೆ ತಗ್ಗು ಬಿದ್ದಿತ್ತು. 'ಟಕ್' ಎಂದಿತು. ಹಿಂದಿನ ಸಂಜೆ ಕೇಳಿದ್ದು ಅದೇ.

ಪರಾತ ಮನೆಗೆ ಬಂದ ಮೇಲೆ ಸಪ್ಪಳ ಕೇಳಿಸಲಿಲ್ಲವಂತೆ. ಆಯಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು, ಹುಡುಗಿ ಬಡಿಯಲು ಕಲಿತಳು. ಮೊದಮೊದಲು ಹರಿದ ರೊಟ್ಟಿ, ಸೀದ ರೊಟ್ಟಿ. ಒಂದನ್ನು ತಾಯಿಯನ್ನು ಮಣ್ಣು ಮಾಡಿದ ಜಾಗಕ್ಕೆ ಒಯ್ದಿಟ್ಟು ಬಂದಳು. ಒಮ್ಮೆಲೇ ಎಲ್ಲ ಸರಿಹೋಯಿತು ಎಂದು ಹೇಳಲಾರೆ, ಹತ್ತನೇ ತರಗತಿಯಲ್ಲೂ ಪಾಠದ ನಡುವೆ ಎದ್ದು ಹೊರಗೆ ಹೋಗಿ ಅತ್ತು ಬರುತ್ತಿದ್ದಳು. ಹೋಗಲು ಬಿಡುತ್ತಿದ್ದೆವು. ಈಗ ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ನನ್ನ ಮಾತೇನು? ಎಲ್ಲ ರೀತಿಯಲ್ಲೂ ತೂಗಿ ನೋಡಿದ್ದೇನೆ. ದುಃಖದಲ್ಲಿದ್ದವರಿಗೆ ಸತ್ತವರ ಸಪ್ಪಳ ಕೇಳಿಸುವುದುಂಟು ಎಂದು ತರಬೇತಿಯಲ್ಲೇ ಹೇಳಿದ್ದರು. ಸರಿ, ಅವರು ಮೂವರೂ ಕಳೆದುಕೊಂಡವರು. ಮಹಾನಂದಾಳ ಮುಖವನ್ನೂ ಕಾಣದ ನನಗೆ ಅವಳ ಪರಾತದ ತಗ್ಗು ಹೇಗೆ ಕೇಳಿಸಿತು? ಹುಡುಗಿ ಮೊದಲೇ ಹೇಳಿದ್ದಳೇನೋ, ನಾನು ಮರೆತಿದ್ದೇನೇನೋ ಎಂದು ನನ್ನ ಮೇಲೆಯೇ ಅನುಮಾನಪಟ್ಟಿದ್ದೇನೆ. ಅವಳನ್ನೂ ಕೇಳಿದ್ದೇನೆ. ಇಲ್ಲ ಎನ್ನುತ್ತಾಳೆ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಅಂದು ಕೇಳಿಸಿತು ಎಂಬುದನ್ನು ಅಲ್ಲಗಳೆಯಲೂ ಆಗುವುದಿಲ್ಲ.

ಆದರೆ ಇತ್ತೀಚೆಗೆ ನನ್ನನ್ನು ಕಾಡುವ ಅನುಮಾನ ಬೇರೆಯೇ ಇದೆ. ವೈಜಿನಾಥನ ಟಿವಿಯ ಗದ್ದಲ ನೆನಪಾದಾಗಲೆಲ್ಲ ನಮ್ಮವ್ವನ ರೇಡಿಯೋ ನೆನಪಾಗುತ್ತದೆ. ದಿನವೂ ಸಂಜೆ, ಅಪ್ಪ ಮನೆಗೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅವಳು ರೈತರ ಕಾರ್ಯಕ್ರಮ ಹಚ್ಚುತ್ತಿದ್ದಳು. ಅವ್ವ ನನಗೆ ಹೊಡೆದದ್ದು ನಾನು ಸುಳ್ಳು ಹೇಳಿದೆನೆಂದೋ, ಆ ಸೈಕಲ್ಲಿನ ಸಪ್ಪಳ ಅವಳಿಗೂ ಕೇಳಿಸುತ್ತಿತ್ತೆಂದೋ, ಈಗ ಕೇಳೋಣವೆಂದರೆ ಅವಳಿಲ್ಲ. ಬಾಡಿಗೆ ಮನೆಯಲ್ಲಿದ್ದ ನಮಗೆ ಒಂದು ಗೇಣು ಹೊಲವೂ ಇರಲಿಲ್ಲ.